ಹೆಬ್ಬಾಗಿಲು ಸ್ಪಂದಿಸುತ್ತಿಲ್ಲ

ನಮ್ಮ ಮನೆಯ ಯಂತ್ರೋಪಕರಣಗಳ ಮಟ್ಟಿಗೆ ನಾನೇ ಸರ್ವಾಧಿಕಾರಿ. ರಿಪೇರಿಯವರಿಗೆ ಫೋನ್ ಮಾಡುವುದಿಲ್ಲ ಎಂಬುದು ನನ್ನ ಘೋರ ಪ್ರತಿಜ್ಞೆ. ಮೊನ್ನೆ ಶನಿವಾರವೂ ಅದನ್ನು ಮುರಿಯಲಿಲ್ಲ, ಮುರಿದದ್ದು ಬೇರೆ.

ಹೆಂಡತಿಯ ತಂಗಿಯ ಮಗುವಿಗೆ ಮೂರು ತಿಂಗಳು. ನಾವಿನ್ನೂ ಅದರ ಮುಖ ನೋಡಿರಲಿಲ್ಲ. ನಾಲ್ಕು ಗಂಟೆಯ ರೈಲಿಗೆ ಹೊರಡುವುದಿತ್ತು. ಹನ್ನೆರಡಕ್ಕೆ ಹೆಂಡತಿ ಫೋನ್ ನೋಡುತ್ತಾ ಸೂಟ್‌ಕೇಸಿನ ಮೇಲೆ ಕುಳಿತುಬಿಟ್ಟಳು.

"ರೀ, ಸಿಸಿ ಕ್ಯಾಮೆರಾ ಫೋನಲ್ಲಿ ಬರ್ತಿಲ್ಲ. ಅದು ಸರಿಹೋಗದೆ ನಾನು ಮನೆ ಬಿಟ್ಟು ಕದಲಲ್ಲ. ಕ್ಯಾಮೆರಾದವರನ್ನ ಕರೀರಿ."

"ಅವನ್ಯಾಕೆ? ನಾನಿಲ್ವಾ?"

"ನೀವಿದ್ದೀರಲ್ಲ, ಅದೇ ಭಯ."

ಟಿವಿಗೆ ಜೋಡಿಸಿದ್ದ ರೆಕಾರ್ಡರಿನಲ್ಲಿ 'ದೋಷ ಪರಿಶೀಲನೆ' ಒತ್ತಿದೆ. ಭಾಷಾಭಿಮಾನ ಉಕ್ಕಿ ಅದನ್ನು ಕನ್ನಡಕ್ಕೆ ಬದಲಿಸಿಟ್ಟವನೂ ನಾನೇ. ಅನುವಾದಿಸಿದ ಪುಣ್ಯಾತ್ಮರು ಒಂದು ಪದವನ್ನೂ ಬಿಟ್ಟಿರಲಿಲ್ಲ. ಕೆಂಪಕ್ಷರ ಮೂಡಿತು: 'ಹೆಬ್ಬಾಗಿಲು ಸ್ಪಂದಿಸುತ್ತಿಲ್ಲ. ಹೆಬ್ಬಾಗಿಲನ್ನು ಮುಚ್ಚಿ ಮತ್ತೆ ತೆರೆಯಿರಿ.'

ಕ್ಯಾಮೆರಾ ಇರುವುದೇ ಮುಂಬಾಗಿಲ ನೆತ್ತಿಯ ಮೇಲೆ. ವೈರು ಬಾಗಿಲಿಗೆ ಸಿಕ್ಕಿಕೊಂಡಿದೆಯೆಂದು ಒಳಗಿರುವ ಪೆಟ್ಟಿಗೆಗೆ ಎಷ್ಟು ಚೆನ್ನಾಗಿ ಗೊತ್ತು! ಬಾಗಿಲು ಮುಚ್ಚಿ ತೆರೆದೆ. ಅದೇ ಕೆಂಪಕ್ಷರ. ಮೆಲ್ಲಗೆ ಮುಚ್ಚಿದೆ, ಜೋರಾಗಿ ಮುಚ್ಚಿದೆ, ತಿರುಗಣಿಗೆ ಎಣ್ಣೆ ಬಿಟ್ಟು ಮುಚ್ಚಿದೆ.

"ಬಾಗಿಲಿಗೂ ಕ್ಯಾಮೆರಾಕ್ಕೂ ಏನ್ರೀ ಸಂಬಂಧ?"

"ಓದು. ಕನ್ನಡದಲ್ಲೇ ಬರೆದಿದೆ."

ಹನ್ನೊಂದನೆಯ ಸಲ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಮುಚ್ಚಿದೆ. ಬೀಗದೊಳಗೆ ಏನೋ ಕಳಚಿಬಿದ್ದ ಸದ್ದಾಯಿತು. ಆಗ ಹೆಬ್ಬಾಗಿಲು ನಿಜಕ್ಕೂ ಸ್ಪಂದಿಸುವುದನ್ನು ನಿಲ್ಲಿಸಿತು. ಇಬ್ಬರೂ ಒಳಗೆ. ಗಂಟೆ ಎರಡು.

ಹೆಂಡತಿ ಎರಡು ಫೋನ್ ಮಾಡಿದಳು. ಬಡಗಿ ಹೊರಗಿನಿಂದ ಬಾಗಿಲು ಒಡೆದು ಕೀಳುವಷ್ಟರಲ್ಲಿ ಕ್ಯಾಮೆರಾದವನೂ ಬಂದ. ಟಿವಿಯ ಮೇಲಿದ್ದದ್ದನ್ನು ಓದಿದ. ನೆಲದ ಮೇಲೆ ಮಲಗಿದ್ದ ಬಾಗಿಲನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಸಾರ್, ಹೆಬ್ಬಾಗಿಲು ಅಂದ್ರೆ ಗೇಟ್‌ವೇ. ನಿಮ್ಮ ಇಂಟರ್ನೆಟ್ ರೂಟರ್ರು," ಎನ್ನುತ್ತಾ ಗೋಡೆಯ ಸ್ವಿಚ್ ಹಾಕಿದ. "ಯಾರೋ ಆಫ್ ಮಾಡಿದ್ದಾರೆ."

ಊರಿಗೆ ಹೋಗುವಾಗ ಸ್ವಿಚ್ಚುಗಳನ್ನೆಲ್ಲ ಆರಿಸುವುದು ನನ್ನ ಇಲಾಖೆ. ಅಂದು ಬೆಳಿಗ್ಗೆಯೇ ಕರ್ತವ್ಯ ಮುಗಿಸಿದ್ದೆ. ಅದನ್ನು ಅವನಿಗೆ ವಿವರಿಸುವ ಅಗತ್ಯ ಕಾಣಲಿಲ್ಲ.

ಫೋನಿನಲ್ಲಿ ಚಿತ್ರ ಬಂತು. ಹೊಸ ಬಾಗಿಲು ಮಾತ್ರ ಸೋಮವಾರ ಎಂದ ಬಡಗಿ. ಹೆಂಡತಿ ಸೂಟ್‌ಕೇಸಿನಿಂದ ನನ್ನ ಬಟ್ಟೆಗಳನ್ನು ತೆಗೆದು ಸೋಫಾದ ಮೇಲಿಟ್ಟು, ಒಬ್ಬಳೇ ಟ್ಯಾಕ್ಸಿ ಹತ್ತಿದಳು. ಮಗುವನ್ನು ಎತ್ತಿಕೊಳ್ಳುವ ಆಸೆ ನನಗೇ ಹೆಚ್ಚಿತ್ತು. ನಿಜಕ್ಕೂ ಹೊಟ್ಟೆ ಉರಿಯಿತು.

ಮರುದಿನ ಬೆಳಿಗ್ಗೆ ಬಾಗಿಲಿಲ್ಲದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕಾಯುತ್ತಿದ್ದಾಗ ಅವಳ ಫೋನ್ ಬಂತು.

"ರೀ, ಸ್ವಲ್ಪ ತಲೆ ಎತ್ತಿ ಕ್ಯಾಮೆರಾ ಕಡೆ ನೋಡಿ. ಮಗು ಒಂದೇ ಸಮ ಅಳ್ತಿತ್ತು, ಯಾರು ಎತ್ಕೊಂಡ್ರೂ ಸುಮ್ಮನಾಗ್ಲಿಲ್ಲ. ನಿಮ್ಮನ್ನ ತೋರಿಸ್ದೆ, ಕಿಲಕಿಲ ನಗ್ತಿದೆ. ಈಗ ಆಕಳಿಸಿದ್ರಲ್ಲ, ಇನ್ನೊಂದು ಸಲ ಮಾಡಿ."

ಮಾಡಿದೆ.