ಗೌಡರು ಕೇಳಿದ ಗೇಟು

ಈ ಗೇಟಿನ ಕಥೆಯ ಮೊದಲ ಭಾಗವನ್ನು ನನಗೆ ಹೇಳಿದವನು ನಮ್ಮ ಹಳಿ ಗ್ಯಾಂಗಿನ ಮೇಸ್ತ್ರಿ. ಮುಂದಿನದಕ್ಕೆಲ್ಲ ನಾನೇ ಸಾಕ್ಷಿ. ಹಾಸನದಲ್ಲಿ ರೈಲು ಹಳಿ ನೋಡಿಕೊಳ್ಳುವ ಆಫೀಸಿನಲ್ಲಿ ನಾನು ಗುಮಾಸ್ತೆ. ಗೇಟಿಲ್ಲದ ಕಡೆ ರಸ್ತೆ ಹಳಿ ದಾಟುತ್ತಿದ್ದರೆ, ಮೂರು ವರ್ಷಕ್ಕೊಮ್ಮೆ ಅಲ್ಲಿ ಒಂದು ವಾರ ಕೂತು, ಎಷ್ಟು ಗಾಡಿ ದಾಟಿದವು ಅಂತ ಎಣಿಸಿ ಮೇಲಿನವರಿಗೆ ವರದಿ ಕಳಿಸಬೇಕು. ಗೇಟು, ಅದಕ್ಕೊಬ್ಬ ಕಾವಲುಗಾರ ಬೇಕೋ ಬೇಡವೋ ಅನ್ನುವುದು ಅದರ ಮೇಲೆ ತೀರ್ಮಾನ. ಸರ್ಕಾರ ಎಣಿಸೋಕೆ ಕೂತಲ್ಲೆಲ್ಲ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಮಗದು ನಡೆದದ್ದು ಹೊಳೆನರಸೀಪುರದ ದಾರಿಯ ಒಂದು ಊರಿನಲ್ಲಿ.

ಆ ಊರಿನ ಮನೆಗಳು ಹಳಿಯ ಈಚೆ, ಶಾಲೆ ಆಚೆ. ತಿರುವಿನಲ್ಲಿ ತೆಂಗಿನ ತೋಟ ಅಡ್ಡ ಇರೋದರಿಂದ ರೈಲು ಮೂಗಿನ ಮುಂದೆ ಬಂದಾಗಲೇ ಕಾಣುವುದು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೆ ವೇಗವೂ ಹೆಚ್ಚಿತ್ತು. ಊರಿನ ಗೌಡರ ಮೊಮ್ಮಗಳು ಆ ವರ್ಷವೇ ಒಂದನೇ ಕ್ಲಾಸಿಗೆ ಸೇರಿದ್ದಳು. ಮಗು ದಿನಾ ಹಳಿ ದಾಟುವುದನ್ನು ನೋಡಿ ನೋಡಿ ಗೌಡರಿಗೆ ಅನ್ನ ಇಳಿಯಲಿಲ್ಲ. ಗೇಟು ಬೇಕು ಅಂತ ಪಟ್ಟು ಹಿಡಿದರು.

ಅರ್ಧ ಆಟೋ

ನಿಯಮದ ಪ್ರಕಾರ ಲಾರಿ ಒಂದು, ಎತ್ತಿನಗಾಡಿ ಒಂದು, ಆಟೋ ಅರ್ಧ. ನಡೆದು ಹೋಗುವವರು ಲೆಕ್ಕಕ್ಕೇ ಇಲ್ಲ. ಹೊಂಗೆ ಮರದಡಿ ಎಣಿಸುತ್ತ ಕೂತ ಮೇಸ್ತ್ರಿ ಇದನ್ನು ಬಾಯಿ ತಪ್ಪಿ ಆಟೋದವನಿಗೆ ಹೇಳಿಬಿಟ್ಟ.

"ಎಲ್ಡು ಚಕ್ರದ ಎತ್ತಿನ್ ಗಾಡಿ ಒಂದು, ಮೂರು ಚಕ್ರದ ನನ್ ಆಟೋ ಅರ್ಧಾನಾ? ಯಾವ ಇಸ್ಕೂಲಲ್ಲಿ ಓದ್ದೋರು ಸಾ ಇದನ್ನ ಬರ್ದಿರೋದು?"

"ಅದಕ್ಕೆ ಎತ್ತು ಬೇರೆ ಅವೆ ಕಣ್ಲಾ."

"ನನ್ ಆಟೋದಲ್ಲಿ ಅರ್ಧ ಊರೇ ಕುಂತೈತೆ, ಬಗ್ಗಿ ನೋಡಿ ಸಾ!"

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಬಂದ ಅಜ್ಜಿ ನಿಂತು ಕೇಳಿದಳು, "ನಾನೆಷ್ಟು ಮಗಾ?"

"ನೀನು ಸೊನ್ನೆ ಕಣಜ್ಜಿ."

ಅಜ್ಜಿ ಹೊರೆಯನ್ನು ಆಟೋದೊಳಕ್ಕೆ ನೂಕಿ, ತಾನೂ ನುಗ್ಗಿ ಕೂತಳು. "ಇವಾಗ ಬರ್ಕೋ. ಅರ್ಧ ಆದೆ."

ಬೀಗರ ಟ್ರ್ಯಾಕ್ಟರು

ಗಾಡಿ ಹೆಚ್ಚಿದ್ದಷ್ಟೂ ಗೇಟು ಬೇಗ ಬರುತ್ತದೆ ಅಂತ ಗೌಡರ ಲೆಕ್ಕಾಚಾರ. ಊರಿನ ಗಾಡಿಗಳೆಲ್ಲ ಹಳಿ ದಾಟಿ, ಶಾಲೆಗೆ ಸುತ್ತು ಹಾಕಿ, ವಾಪಸು ದಾಟತೊಡಗಿದವು. ಅರಕಲಗೂಡಿನಿಂದ ಬೀಗರ ಟ್ರ್ಯಾಕ್ಟರು ಬಂತು. ಚನ್ನರಾಯಪಟ್ಟಣದ ಕಾಯಿ ಮಂಡಿಗೆ ಹೊರಟಿದ್ದ ಲಾರಿಯನ್ನು ಕೈ ಅಡ್ಡ ಹಾಕಿ, "ಒಂದು ಸುತ್ತು ಒಡ್ದು ಓಗಪ್ಪಾ, ಪುಣ್ಯ ಬತ್ತದೆ" ಅಂತ ತಿರುಗಿಸಿದರು. ಮೇಸ್ತ್ರಿಗೆ ಕೂತಲ್ಲಿಗೇ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ.

ಸಂಜೆ ಹೊತ್ತಿಗೆ ಮೇಸ್ತ್ರಿ ಕೇಳಿಯೇ ಬಿಟ್ಟ, "ಗೌಡ್ರೇ, ಆ ಕೊಂಬು ಮುರಿದ ಎತ್ತು ಬೆಳಗ್ಗಿಂದ ಎಲ್ಲಿಗೆ ಓಯ್ತಾ ಐತೆ?"

"ಅದ್ಕೇ ಗೊತ್ತಿಲ್ಲ, ನಿಂಗ್ಯಾಕಯ್ಯಾ? ಬರ್ಕೋ."

ಕೆಲವು ತಿಂಗಳ ಮೇಲೆ ಉತ್ತರ ಬಂತು. ಇಷ್ಟೊಂದು ಸಂಚಾರಕ್ಕೆ ಗೇಟು ಸಾಲದು, ಮೇಲ್ಸೇತುವೆಯೇ ಆಗಬೇಕು. ರಾಜ್ಯ ಸರ್ಕಾರ ಒಪ್ಪಿದ ಮೇಲೆ ನೋಡೋಣ, ಅಲ್ಲಿಯವರೆಗೆ ಏನೂ ಇಲ್ಲ.

ಗೌಡರು ತಲೆ ಮೇಲೆ ಕೈ ಹೊತ್ತರು. "ನಾನು ಕೇಳಿದ್ದು ಒಂದು ಬಾಗ್ಲು. ಇವ್ರು ಮಹಡಿ ಮನೇನೇ ಕಟ್ಟುಸ್ತೀವಿ ಅಂತಾವ್ರಲ್ಲೋ!"

ಊರಿಗೆ ಊರೇ ಮಾಯ

ಮುಂದಿನ ಎಣಿಕೆಯ ಹೊತ್ತಿಗೆ ನಾನು ಕೆಲಸಕ್ಕೆ ಸೇರಿದ್ದೆ. ಹೆಚ್ಚಾಗಿ ಕೆಟ್ಟೆವು, ಈ ಸಲ ಕಮ್ಮಿ ಮಾಡೋಣ ಅಂತ ಊರು ತೀರ್ಮಾನಿಸಿತ್ತು. ಗಾಡಿಗಳ ನೊಗ ಬಿಚ್ಚಿದರು. ಆಟೋದ ಮುಂದಿನ ಚಕ್ರ ಕಳಚಿ ಜಗುಲಿ ಮೇಲೆ ಇಟ್ಟರು. ವಾರವೆಲ್ಲ ಕೂತ ಮೇಸ್ತ್ರಿಗೆ ಅಕ್ಕಿರೊಟ್ಟಿ ಇರಲಿ, ಮಾತಾಡಿಸುವವರೂ ಇಲ್ಲ. ಒಂದು ನಾಯಿ ಮಾತ್ರ ದಾಟಿ ಹೋಗಿ, ಯಾರೂ ಇಲ್ಲದ್ದು ನೋಡಿ ವಾಪಸು ಬಂತಂತೆ.

ಉತ್ತರ ಈ ಸಲ ಬೇಗ ಬಂತು: ಯಾರೂ ಬಳಸದ ದಾರಿ, ಕಂದಕ ತೋಡಿ ಮುಚ್ಚಬಹುದು.

ಗೌಡರು ಮೊದಲ ಬಸ್ಸಿಗೇ ಹಾಸನಕ್ಕೆ ಓಡಿಬಂದು ನನ್ನ ಮೇಜಿನ ಮುಂದೆ ನಿಂತರು. "ಅವ್ವಾ, ಕಂದಕ ತೋಡುದ್ರೆ ಮಕ್ಕಳು ಇಸ್ಕೂಲ್ಗೆ ಈಜ್ಕಂಡ್ ಓಗ್ಬೇಕಾ? ನಿಮ್ಗೆ ಎಷ್ಟು ಬೇಕು ಅಂತ ಮೊದ್ಲೇ ಏಳ್ಬುಡಿ. ಅಷ್ಟೇ ಓಡುಸ್ತೀವಿ."

ಮಾಮೂಲಿ ಅಂದರೆ

ನಮ್ಮ ಇಂಜಿನಿಯರು ಒಳ್ಳೆಯವರು. ಮಕ್ಕಳು ಓಡಾಡುವ ದಾರಿ, ಮುಚ್ಚಬೇಡಿ ಅಂತ ಬರೆದು ಮರು ಎಣಿಕೆಗೆ ಒಪ್ಪಿಗೆ ತರಿಸಿದರು. ನಾನು ಗೌಡರಿಗೆ ಒಂದೇ ಮಾತು ಹೇಳಿದೆ: "ದಯವಿಟ್ಟು ಮಾಮೂಲಿನಂತೆ ಇರಿ."

ಕಷ್ಟ ಶುರುವಾದದ್ದೇ ಅಲ್ಲಿ. ಅರಳಿಕಟ್ಟೆಯಲ್ಲಿ ಸಭೆ ಸೇರಿತು. "ಮಾಮೂಲಿ ಅಂದ್ರೆ ನಾವು ಎಂಗಿರ್ತೀವಿ?" ಯಾರಿಗೂ ನೆನಪಿಲ್ಲ. ಒಬ್ಬ ಎದ್ದು ಗತ್ತಿನಿಂದ, "ನಾನಂತೂ ದಿನಾ ಗಾಡಿ ಕಟ್ಕಂಡ್ ಗದ್ದೆಗೆ ಓಯ್ತೀನಿ" ಅಂದ. ಹಿಂದಿನಿಂದ ಅವನ ಹೆಂಡತಿ, "ಯಾವತ್ತು?" ಅಂದಳು.

ಸಭೆಯಲ್ಲಿ ಆಡಿದ ಮಾತು, ಬಿಡುವಂತಿಲ್ಲ. ಆ ವಾರ ಅವನು ದಿನಾ ಗದ್ದೆಗೆ ಹೋಗಬೇಕಾಯಿತು. ಎಣಿಕೆ ಮುಗಿದ ಮಾರನೇ ದಿನ ಅವನ ಹೆಂಡತಿ ಆಫೀಸಿಗೇ ಬಂದಳು. "ಇನ್ನೊಂದು ವಾರ ಎಣಿಸ್ರವ್ವಾ. ಇನ್ನರ್ಧ ಗದ್ದೆ ಉಳ್ಕಂಡೈತೆ."

ಗೇಟು

ಅಂತೂ ಗೇಟು ಬಂತು. ಒಂದನೇ ಕ್ಲಾಸಿನಲ್ಲಿದ್ದ ಮೊಮ್ಮಗಳು ಅಷ್ಟರಲ್ಲಿ ಏಳನೇ ಕ್ಲಾಸು. ಪೂಜೆಗೆ ಗೌಡರು ನಮ್ಮನ್ನೂ ಕರೆದಿದ್ದರು. ಗೇಟಿನ ಕಂಬಕ್ಕೆ ಮಾವಿನೆಲೆ, ಅರಿಶಿನ ಕುಂಕುಮ. ಈಡುಗಾಯಿ ಒಡೆದದ್ದಾಯಿತು, ಚರುಪು ಹಂಚಿದ್ದೂ ಆಯಿತು. ಶಾಲೆಯ ಕಡೆ ಶಾಮಿಯಾನದಲ್ಲಿ ಊಟ ಬಡಿಸುತ್ತಿದ್ದರು. ಗೌಡರು ಹಾರ ಹಾಕಿಕೊಂಡು ಅತ್ತ ಹೊರಟರು. ಸರಿಯಾಗಿ ಆಗಲೇ ಹೊಸ ಗೇಟ್‌ಮ್ಯಾನ್ ಗೇಟು ಇಳಿಸಿದ.

"ಏನ್ಲಾ, ಗೇಟು ತಂದೋನ್ಗೇ ಗೇಟು ಆಕ್ತೀಯಾ?"

"ರೈಲು ಬತ್ತೈತೆ ಸಾ."

"ಬರ್ಲಿ ಬುಡು, ಇನ್ನೂ ದೂರ ಐತೆ" ಅನ್ನುತ್ತ ಗೌಡರು ಪಂಚೆ ಎತ್ತಿ ಕಟ್ಟಿ, ನಮ್ಮ ಇಂಜಿನಿಯರ ಕಣ್ಣೆದುರೇ ಬಗ್ಗಿ ಗೇಟಿನ ಕೆಳಗೆ ತಲೆ ತೂರಿಸಿದರು. ಹಿಂದಿನಿಂದ ಯಾರೋ ಪಂಚೆ ಹಿಡಿದು ಎಳೆದರು. ನೋಡಿದರೆ ಮೊಮ್ಮಗಳು.

"ತಾತಾ! ಗೇಟ್ ಆಕೈತೆ, ಕಾಣಕ್ಕಿಲ್ವಾ? ಬಾ ಇತ್ಲಾಗೆ!"

ತಾತ ಹಿಂದಕ್ಕೆ ಬಂದರು. ತೆಂಗಿನ ತೋಟದ ಮರೆಯಿಂದ ರೈಲು ಧಡಧಡ ಅಂತ ಹಾದುಹೋಯಿತು. ಗೌಡರು ಹಾರ ಸರಿಮಾಡಿಕೊಳ್ಳುತ್ತ, ತೀರಾ ನೊಂದ ದನಿಯಲ್ಲಿ ಅಂದರು:

"ನಾನು ಗೇಟು ಕೇಳಿದ್ದು ನಿಂಗೆ ಕಣವ್ವಾ, ನಂಗಲ್ಲ."

ಎಂದಾದರೂ ಹಾಕಿದ ಗೇಟಿನ ಮುಂದೆ ನೀವು ನಿಂತಿರುವಾಗ, ಪಕ್ಕದವರು ಸ್ಕೂಟರು ವಾಲಿಸಿ ನುಸುಳಲು ನೋಡಿದರೆ, ಅವರಿಗೆ ಇದನ್ನು ಹೇಳಿ. ಮೊಮ್ಮಗಳು ಗೌಡರ ಪಂಚೆ ಎಳೆಯುವಲ್ಲಿಗೆ ಕಥೆ ಬರುವುದರೊಳಗೆ ರೈಲು ಹೋಗಿರುತ್ತದೆ.