ಯಲಬುರ್ಗಾಕ್ಕೆ ಬಂದ ಕಾರಟಗಿ ಸೊಳ್ಳೆ

ನನಗೆ ಯಾವ ಹೊಸ ವಿಧಾನವೂ ಕಷ್ಟವಲ್ಲ. ಈ ಮಾತನ್ನು ನಾನು ಪ್ರಾಂಶುಪಾಲರ ಕೋಣೆಯಲ್ಲಿ, ಯಾರೂ ಕೇಳದಿದ್ದರೂ, ಎದೆ ಉಬ್ಬಿಸಿ ಹೇಳಿದೆ. ನನ್ನ ದೆಸೆ ಕೆಟ್ಟದ್ದು ಅಲ್ಲಿಂದಲೇ.

ನಾನು ಯಲಬುರ್ಗಾದ ಒಂದು ಪದವಿ ಕಾಲೇಜಿನಲ್ಲಿ ಜೀವಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಹೋಳಿಗೆ ಬಡಿಸಿ ಉಪಚಾರ ಮಾಡುತ್ತಾರೆ ಎಂದು ತಿಳಿಯಬೇಡಿ. ವರ್ಷ ಮುಗಿದ ಕೂಡಲೇ ‘ಹೋಗಿ ಬರ್ರಿ’ ಎನ್ನುತ್ತಾರೆ. ಮತ್ತೆ ಕರೆದರೆ ಅದು ನಮ್ಮ ಪುಣ್ಯ.

“ಇನ್ಮ್ಯಾಲೆ ಬರೇ ಪಾಠ ಒದರೂದು ಬ್ಯಾಡ್ರಿ,” ಎಂದರು ಪ್ರಾಂಶುಪಾಲರು. “ಹುಡುಗ್ರು ಊರಾಗಿನ ಒಂದು ಸಮಸ್ಯೆ ಹಿಡೀಬೇಕು. ತಾವ ಓಡಾಡಿ ಕಾರಣ ಹುಡುಕಬೇಕು, ತಾವ ಪರಿಹಾರ ಹೇಳಬೇಕು. ಜೀವಶಾಸ್ತ್ರ ಹಂಗ ಕಲೀಬೇಕಂತ. ನೋಡಾಕ ವಿಶ್ವವಿದ್ಯಾಲಯದ ಸಮಿತಿ ಬರ್ತೈತಿ. ಅವ್ರು ಛಲೋ ಅಂದ್ರ ಮುಂದಿನ ವರ್ಷನೂ ನೀವ. ಇಲ್ಲಾಂದ್ರ...”

ಇಷ್ಟು ಹೇಳಿ ಅವರು ಫ್ಯಾನ್ ಕಡೆ ನೋಡಿದರು. ನಾನೂ ನೋಡಿದೆ. ಫ್ಯಾನು ನಿಂತಿತ್ತು!

ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಎಲ್ಲವನ್ನೂ ವಿವರಿಸಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು.

“ಹುಡುಗ್ರ ಹುಡುಕ್ತಾವು, ಹುಡುಗ್ರ ಹೇಳ್ತಾವು. ಮತ್ತ ನೀವೇನ್ ಮಾಡ್ತೀರಿ?”

“ಮಾರ್ಗದರ್ಶನ.”

“ಅಂದ್ರ ಸುಮ್ನ ಕುಂದ್ರೂದು.”

ಹಾಗೆ ಸುಮ್ಮನೆ ಕುಳಿತಿದ್ದರೆ ಎಷ್ಟು ಚೆನ್ನಾಗಿತ್ತು!

ಮರುದಿನ ತರಗತಿಯಲ್ಲಿ, “ನಿಮ್ಮ ಸುತ್ತಲಿನ ಸಮಸ್ಯೆ ಹೇಳಿ,” ಎಂದೆ. ಕುಕನೂರಿನಿಂದ ಬರುವ ಬಸ್ಸು ಎಂದೂ ಹೊತ್ತಿಗೆ ಬರುವುದಿಲ್ಲ ಎಂದು ಒಬ್ಬ. ಕ್ಯಾಂಟೀನಿನ ಮಿರ್ಚಿ ಭಜಿ ಬರಬರುತ್ತ ಸಣ್ಣದಾಗುತ್ತಿದೆ ಎಂದು ಇನ್ನೊಬ್ಬ. ಇವುಗಳಲ್ಲಿ ಜೀವಶಾಸ್ತ್ರವೆಲ್ಲಿದೆ? ಕೊನೆಗೆ ನಾನೇ ಮಾರ್ಗದರ್ಶನ ಮಾಡಿದೆ: “ಸೊಳ್ಳೆ! ಓಣಿಗಳಲ್ಲಿ ಸೊಳ್ಳೆ ಹೆಚ್ಚಲು ಕಾರಣವೇನು? ಇದೇ ನಿಮ್ಮ ಸಮಸ್ಯೆ.”

ಮುಂದಿನ ಬೆಂಚಿನ ರೇಣುಕಾ ಎದ್ದು ನಿಂತಳು. ತಳಕಲ್ಲಿನ ಹುಡುಗಿ, ನನ್ನ ತರಗತಿಯಲ್ಲಿ ಪ್ರಶ್ನೆ ಕೇಳುವ ಏಕೈಕ ಪ್ರಾಣಿ.

“ಸರ್, ಇಲ್ಲೆ ಸೊಳ್ಳಿ ಅಷ್ಟೇನ್ ಹೆಚ್ಚಿಲ್ರಿ.”

“ಹುಡುಕಿದರೆ ಸಿಗುತ್ತವೆ, ಕುಳಿತುಕೋ,” ಎಂದೆ. ಆಮೇಲೆ ಬೋರ್ಡಿನ ಮೇಲೆ ಸೊಳ್ಳೆ ಮರಿಗಳ ಚಿತ್ರ ಬರೆದೆ. ಮನೆಯ ನೀರಿನ ಬ್ಯಾರಲ್ಲಿನಲ್ಲಿ ಸಿಗುವ ಮರಿ ತಲೆಕೆಳಗಾಗಿ ಜೋತು ಬೀಳುತ್ತದೆ, ಗದ್ದೆಯಲ್ಲಿ ಸಿಗುವ ಇನ್ನೊಂದು ಜಾತಿಯ ಮರಿ ನೀರಿನ ಮೇಲ್ಗಡೆ ಅಡ್ಡಡ್ಡ ಮಲಗುತ್ತದೆ ಎಂದು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿದೆ. ಅಂದು ನಾನು ಬಲು ಚೆನ್ನಾಗಿ ಪಾಠ ಮಾಡಿದೆ. ಅದೇ ನನಗೆ ಮುಳುವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಹುಡುಗರು ನಾನಿರುವ ಓಣಿಯಲ್ಲೇ ಮನೆ ಮನೆ ಸುತ್ತಿ ಬರಿಗೈಯಲ್ಲಿ ಬಂದರು. ಕಾರಣ, ನಮ್ಮ ಓಣಿಯ ನಳ. ಅದು ದಿನಾ ಬರುವುದಿಲ್ಲ. ಆದರೆ ಬಂತೆಂದರೆ ಹೆಂಗಸರಿಗೆ ಮೈಮೇಲೆ ದೇವರು ಬಂದಂತೆ! ಹಂಡೆ, ಕೊಡ, ಬ್ಯಾರಲ್, ಯಾವುದರಲ್ಲಿ ಹಳೆಯ ನೀರಿದ್ದರೂ ಅದು ಮೊದಲು ಅಂಗಳಕ್ಕೆ. ಆಮೇಲೆ ಗಸಗಸ ತಿಕ್ಕಿ ಹೊಸ ನೀರು. ಹಳೆಯ ನೀರಿನ ಮೇಲೆ ಹೊಸ ನೀರು ತುಂಬುವವಳು ನಮ್ಮ ಓಣಿಯಲ್ಲಿ ಹೆಂಗಸೇ ಅಲ್ಲ. ಒಂದೆರಡು ಮನೆಗಳಲ್ಲಿ ಸಣ್ಣ ಮರಿ ಕಂಡವಂತೆ. ಇವರು ಭೂತಗನ್ನಡಿ ತೆಗೆಯುವಷ್ಟರಲ್ಲಿ ನಳ ಬಂತಂತೆ!

“ಸಮಸ್ಯೆ ಇಲ್ಲ, ಯಾಕಿಲ್ಲ ಅಂದ್ರ ಹಿಂಗ, ಅಂತ ಬರೀಲೇನ್ರಿ ಸರ್?” ಎಂದಳು ರೇಣುಕಾ.

ನನಗೆ ಸಿಟ್ಟು ನೆತ್ತಿಗೇರಿತು. “ಸಮಸ್ಯೆಯೇ ಇಲ್ಲದೆ ಸಮಸ್ಯೆಯಿಂದ ಕಲಿಯುವುದು ಹೇಗಮ್ಮ? ಸಮಿತಿಯವರಿಗೆ ಏನು ತೋರಿಸಲಿ, ತೊಳೆದಿಟ್ಟ ಬ್ಯಾರಲ್ಲನ್ನೇ?”

ಈಗ ಅನ್ನಿಸುತ್ತದೆ, ಅದನ್ನೇ ತೋರಿಸಬೇಕಿತ್ತು. ಆಗ ಅನ್ನಿಸಲಿಲ್ಲ. ಕಾರಟಗಿಯಲ್ಲಿರುವ ನನ್ನ ಗೆಳೆಯ ಬಸವರಾಜನಿಗೆ ಫೋನ್ ಮಾಡಿದೆ. ಅವನದು ಕಾಲುವೆ ನೀರಿನ ಸೀಮೆ, ಸುತ್ತ ಭತ್ತದ ಗದ್ದೆ.

“ಸೊಳ್ಳಿ ಮರಿ ಬೇಕಾಗಿದ್ವಲ್ಲೋ.”

“ಎಷ್ಟು ಚೀಲ?” ಎಂದ.

ಭಾನುವಾರ ಹೋಗಿ ಗದ್ದೆಗಿಳಿದು, ಪ್ಯಾಂಟು ಮಂಡಿಯವರೆಗೆ ಕೆಸರು ಮಾಡಿಕೊಂಡು, ದೊಡ್ಡ ಕ್ಯಾನಿನ ತುಂಬ ಮರಿ ತುಂಬಿಕೊಂಡೆ. ಗಂಗಾವತಿವರೆಗೆ ತೊಂದರೆಯಾಗಲಿಲ್ಲ. ಕೊಪ್ಪಳದಲ್ಲಿ ಬಸ್ಸು ಬದಲಿಸಿದ ಮೇಲೆ ಪಕ್ಕದ ಸೀಟಿಗೆ ಒಬ್ಬ ಅಜ್ಜಿ ಬಂದು ಕುಳಿತಳು. ಬಿಸಿಲು ಸುಡುತ್ತಿತ್ತು. ತೊಡೆಯ ಮೇಲಿನ ಕ್ಯಾನಿನ ಮೇಲೆ ಅವಳ ಕಣ್ಣು ಬಿತ್ತು.

“ಯಪ್ಪಾ, ಒಂದು ಗುಟುಕು ನೀರು ಕೊಡು.”

“ಇದು ಕುಡಿಯೂ ನೀರಲ್ಲಬೇ.”

“ಮತ್ಯಾಕ ಮಗು ಹಿಡಕೊಂಡಂಗ ಹಿಡಕೊಂಡಿ?”

ನಾನೇನು ಹೇಳಲಿ? ಸೊಳ್ಳೆ ಮರಿ ಎಂದರೆ ಬಸ್ಸಿನಿಂದ ಇಳಿಸುತ್ತಾರೆ. “ಔಷಧದ ನೀರು,” ಎಂದೆ. ಯಾವ ರೋಗಕ್ಕೆ ಎಂದು ಹಿಂದಿನ ಸೀಟಿನವನು ವಿಚಾರಿಸಿದ. ಮಂಡಿನೋವಿಗೆ ಎಂದುಬಿಟ್ಟೆ. ಅಷ್ಟೇ! ಅಜ್ಜಿ ಸೀರೆ ಸ್ವಲ್ಪ ಮೇಲೆತ್ತಿ, “ಹಂಗಾರ ಇಲ್ಲೊಂದೀಟು ಹಚ್ಚು,” ಎಂದು ಮಂಡಿ ಚಾಚಿದಳು. ಹಚ್ಚಲಿಲ್ಲ. “ಓದಿದವ್ರು, ಆದ್ರ ಕರುಳಿಲ್ಲ ನೋಡ್ರಿ,” ಎಂದು ಅವಳು ಇಡೀ ಬಸ್ಸಿಗೆ ಸಾರಿದಳು. ಕುಕನೂರು ದಾಟುವವರೆಗೂ ಕಂಡಕ್ಟರ್ ಸಹಿತ ಎಲ್ಲರೂ ನನಗೆ ಬುದ್ಧಿ ಹೇಳಿದರು.

ನನ್ನ ಯೋಜನೆ ಸರಳವಾಗಿತ್ತು. ಅರ್ಧ ಮರಿಗಳನ್ನು ಓಣಿಯ ಖಾಲಿ ಜಾಗದಲ್ಲಿ ಬಿದ್ದಿದ್ದ ಸಿಮೆಂಟಿನ ತೊಟ್ಟಿಗೆ ನೀರು ತುಂಬಿ ಬಿಡುವುದು. ಹುಡುಗರು ಅದನ್ನು ತಾವಾಗಿಯೇ ‘ಕಂಡುಹಿಡಿಯುವುದು’. ಸಮಿತಿ ಚಪ್ಪಾಳೆ ತಟ್ಟುವುದು. ಉಳಿದರ್ಧ ನಮ್ಮ ಹಿತ್ತಲಿನ ಬ್ಯಾರಲ್ಲಿನಲ್ಲಿ, ಒಂದು ವೇಳೆ ಬೇಕಾದರೆ ಇರಲಿ ಎಂದು. ಬ್ಯಾರಲ್ಲಿನ ಬಾಯಿಗೆ ನಾವು ಮಲಗುವ ಮಂಚದ ಸೊಳ್ಳೆ ಪರದೆ ಬಿಚ್ಚಿ ಕಟ್ಟಿದೆ. ಒಳಗೆ ಬರದಂತೆ ತಡೆಯುವ ಪರದೆ ಹೊರಗೆ ಹೋಗದಂತೆಯೂ ತಡೆಯುತ್ತದೆ, ಇದು ಶುದ್ಧ ವಿಜ್ಞಾನ.

“ಸೊಳ್ಳಿಗೆ ಪರದೆ, ನಮ್ಗ ಬರೇ ಮಂಚ!” ಎಂದಳು ಗಿರಿಜಾ. “ತಲಿ ಗಿಲಿ ಕೆಟ್ಟೈತೇನ್ರಿ ನಿಮ್ಗ?”

“ಈ ಬ್ಯಾರಲ್ ಮುಟ್ಟಬೇಡ. ನನ್ನ ಕೆಲಸ ಉಳಿಯುವುದು ಇದರಿಂದಲೇ.”

ಕೆಲಸದ ಮಾತು ಬಂದದ್ದರಿಂದ ಅವಳು ಬ್ಯಾರಲ್ ಮುಟ್ಟಲಿಲ್ಲ. ಎರಡು ದಿನಕ್ಕೆ ನಳ ಬಂತು. ಓಣಿಯೆಲ್ಲ ಗಸಗಸ. ಎದುರು ಮನೆಯ ಮಾಬುಬಿ ಚಾಚಿ ತನ್ನ ಮನೆಯದೆಲ್ಲ ತೊಳೆದು, ಕೈ ತುರಿಸಿರಬೇಕು, ಖಾಲಿ ಜಾಗದ ತೊಟ್ಟಿಯನ್ನೂ ಬಗ್ಗಿಸಿ ತಿಕ್ಕಿ ಬೋರಲು ಹಾಕಿದಳು! ನಾನು ಓಡಿ ಬರುವಷ್ಟರಲ್ಲಿ ನನ್ನ ಅರ್ಧ ಸಮಸ್ಯೆ ಗಟಾರದಲ್ಲಿ ಹರಿದು ಹೋಗುತ್ತಿತ್ತು.

“ಯಾವ ಖೋಡಿ ಇಲ್ಲಿ ನೀರು ತುಂಬಿಸಿಟ್ಟಿದ್ನೋ ಏನೋ ಮಾಸ್ತರ್ರ,” ಎಂದಳು ಚಾಚಿ.

“ಇರಬೇಕು ಯಾರೋ,” ಎಂದೆ.

ಚಾಚಿ ನಮ್ಮ ಹಿತ್ತಲಿಗೂ ಇಣುಕಿ ನೋಡಿದಳು. “ಗಿರಿಜಮ್ಮ, ನಿಂ ಬ್ಯಾರಲ್ ತೊಳದಿಲ್ಲ?” ಎಂದು ಓಣಿಗೆಲ್ಲ ಕೇಳುವಂತೆ ಕೇಳಿದಳು. ಗಿರಿಜಾ ನನ್ನ ಕಡೆ ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಅಂದಿನಿಂದ ಓಣಿಯಲ್ಲಿ ಅವಳು ಮೈಗಳ್ಳಿ. ನಳದ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ. ಅವಳು ಅಳಲಿಲ್ಲ. ಸಾರಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿದಳು.

ಈ ನಡುವೆ ಪರದೆಗೆ ಇಲಿ ಕಚ್ಚಿದ ತೂತಿರುವುದು ನನಗೆ ತಿಳಿದಿರಲಿಲ್ಲ. ಸೊಳ್ಳೆಗಳಿಗೆ ತಿಳಿದಿತ್ತು. ಸಂಜೆಯಾದರೆ ಓಣಿಯ ಉದ್ದಕ್ಕೂ ಚಟ್ ಪಟ್ ಎಂದು ಕೈಕಾಲು ಬಡಿದುಕೊಳ್ಳುವ ಸದ್ದು. ನಮ್ಮ ಮನೆಯೊಳಗಂತೂ ಗಂಡ ಹೆಂಡತಿ ಒಬ್ಬರನ್ನೊಬ್ಬರು ಬಡಿಯುತ್ತಿದ್ದೆವು. ಗಿರಿಜಾ ಸೊಳ್ಳೆ ಇಲ್ಲದ ಕಡೆಯೂ ಬಡಿಯುತ್ತಿದ್ದಳು ಎಂಬುದು ನನ್ನ ಅನುಮಾನ.

“ಏನ್ ಮಾಸ್ತರ್ರ, ಇದೇನಿದು ಹೊಸಾ ಬಲಾ?” ಎಂದು ಚಾಚಿ ಕೇಳಿದಾಗ ನಾನು ಗಂಭೀರವಾಗಿ, “ಹವಾಮಾನ ಬದಲಾವಣೆ,” ಎಂದೆ. ಹುಡುಗರಿಗೆ ಮಾತ್ರ ಮತ್ತೊಮ್ಮೆ ಓಣಿ ಸುತ್ತಿ ಕಾರಣ ಹುಡುಕಲು ಹೇಳಿದೆ.

ಸಮಿತಿ ಬರುವ ದಿನ ಬಂದೇಬಿಟ್ಟಿತು. ಬೆಳಿಗ್ಗೆ ರೇಣುಕಾ ಓಡೋಡಿ ಬಂದಳು. “ಸರ್, ಸಮಸ್ಯೆನೂ ಸಿಕ್ಕೈತ್ರಿ, ಕಾರಣನೂ ಸಿಕ್ಕೈತ್ರಿ. ಆದ್ರ ಮೊದ್ಲ ನಿಮ್ಗ ಹೇಳಬೇಕು...”

“ಹೇಳಬೇಡ!” ಎಂದು ಕೈ ಎತ್ತಿದೆ. “ನೀವೇ ಕಂಡುಹಿಡಿದದ್ದನ್ನು ಸಮಿತಿಯೆದುರು ನೀವೇ ಹೇಳಬೇಕು. ನಾನು ಬರೀ ಮಾರ್ಗದರ್ಶಕ.”

ಅವಳು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ನಾನು ಮುಚ್ಚಿಸಿದೆ. ಇಂಥ ದೊಡ್ಡಸ್ತಿಕೆ ಯಾರಿಗೆ ಬೇಕಿತ್ತು!

ಸಮಿತಿಯ ಅಧ್ಯಕ್ಷೆ ಬಿಳಿಗೂದಲಿನ ಮೇಡಂ. “ಚಾರ್ಟು ಬೇಡ, ಸ್ಥಳಕ್ಕೇ ಕರೆದುಕೊಂಡು ಹೋಗಿ,” ಎಂದರು. ಎಲ್ಲರೂ ಹೊರಟೆವು. ಪ್ರಾಂಶುಪಾಲರ ಜೊತೆಗೆ ನಾನು ಮುಂದೆ ಮುಂದೆ ಮದುಮಗನಂತೆ ನಡೆದೆ. ಓಣಿಯ ಬಾಯಲ್ಲಿ ರೇಣುಕಾ ಶುರು ಮಾಡಿದಳು.

“ಮೇಡಂ, ಈ ತುದಿ ಮನಿಯವ್ರಿಗೆ ಸೊಳ್ಳಿ ಕಾಟ ಇಲ್ರಿ. ನಡಬರಕ್ಕ ಸ್ವಲ್ಪ ಐತ್ರಿ. ಮುಂದ ಹೋದಂಗ ಹೆಚ್ಚಾಗ್ತೈತ್ರಿ. ಎಲ್ಲಾರ ಮನ್ಯಾಗ ನಳ ಬಂದ ದಿನ ಬ್ಯಾರಲ್ ತೊಳೀತಾರ. ಒಂದು ಮನಿ ಬಿಟ್ಟು.”

ಮೇಡಂ ಕೊರಳ ಮೇಲೆ ಒಂದು ಏಟು ಹೊಡೆದುಕೊಂಡರು. ನಾವು ಖಾಲಿ ಜಾಗ ದಾಟಿದೆವು. ಚಾಚಿಯ ಮನೆ ಬಂತು. ರೇಣುಕಾ ಬಲಕ್ಕೆ ತಿರುಗಿದಳು. ಬಲಕ್ಕೆ ಇದ್ದದ್ದು ಒಂದೇ ಮನೆ. ನಮ್ಮದು.

“ಇನ್ನೂ ಒಂದು ವಿಷ್ಯ ಐತ್ರಿ,” ಎಂದಳು ಹುಡುಗಿ, ನನ್ನ ಮುಖ ನೋಡದೆ. “ಇಲ್ಲಿ ಮರಿ ತಲಿಕೆಳಗ ಜೋತು ಬಿದ್ದಿಲ್ರಿ, ಅಡ್ಡಡ್ಡ ಮಲಗ್ಯಾವು. ಇವು ಗದ್ದಿ ಮರಿ. ನಮ್ಮ ಕಡೆ ಗದ್ದಿ ಎಲ್ಲೈತ್ರಿ? ಯಾರೋ ಹೊರಗಿಂದ ತಂದಾರ. ನಮ್ಮ ಸರ್ ಈ ಭೇದ ಭಾಳ ಛಲೋ ಹೇಳ್ಕೊಟ್ಟಾರ್ರಿ.”

ಬಾಗಿಲು ತೆರೆದ ಗಿರಿಜಾ ಸಮಿತಿಗೆ ನಗುನಗುತ್ತ ಸ್ವಾಗತ ಕೋರಿದಳು. “ಬರ್ರಿ, ಬರ್ರಿ. ಮೊನ್ನೆ ಈ ಹುಡುಗಿ ಬಂದಾಗ ನಾನ ತೋರಿಸೀನ್ರಿ. ಕಾರಟಗಿಂದ ಬಸ್ಸಿನ್ಯಾಗ ತಂದಾರ. ಪರದೆ ಬ್ಯಾರೆ ಕಟ್ಯಾರ!”

ಹಿತ್ತಲಿನ ಬ್ಯಾರಲ್ಲಿನ ಮುಂದೆ ನಿಂತು, “ಪರಿಹಾರ ಏನಮ್ಮ?” ಎಂದು ಮೇಡಂ ರೇಣುಕಾಳನ್ನು ಕೇಳಿದರು. ಆದರೆ ಉತ್ತರ ಕೊಟ್ಟವಳು ಗಿರಿಜಾ. ಇಷ್ಟು ದಿನ ತಡೆದಿಟ್ಟಿದ್ದ ಸಿಟ್ಟನ್ನೆಲ್ಲ ಕೂಡಿಸಿ ಬ್ಯಾರಲ್ಲಿಗೆ ಒಂದು ಒದೆ ಕೊಟ್ಟಳು. ಸಮಸ್ಯೆ, ಕಾರಣ, ಮರಿ ಎಲ್ಲವೂ ನನ್ನ ಹೊಸ ಬೂಟಿನ ಮೇಲೆ ಹರಿದವು. ನಮ್ಮ ಬೆನ್ನಿಗೇ ಬಂದಿದ್ದ ಮಾಬುಬಿ ಚಾಚಿ, “ಶಾಬಾಸ್ ಗಿರಿಜಮ್ಮ!” ಎಂದು ಕೂಗಿದಳು.

ನನ್ನ ಕೆಲಸ ಹೋಯಿತೆಂದೇ ತಿಳಿದೆ. ವಾರದ ಮೇಲೆ ಪ್ರಾಂಶುಪಾಲರು ಕರೆದರು.

“ಸಮಿತಿಯವ್ರು ಭಾಳ ಖುಷಿ ಆಗ್ಯಾರ್ರಿ,” ಎಂದರು ಅವರು. “ಹುಡುಗ್ರು ಖರೇನ ಹುಡುಕಿ, ಯಾರ ಮುಖಾನೂ ನೋಡದ ಖರೇನ ಹೇಳ್ಯಾರ ಅಂದ್ರು. ಮುಂದಿನ ವರ್ಷನೂ ನೀವ ಬರಬೇಕಂತ.”

ನನ್ನ ಎದೆ ಮತ್ತೆ ಉಬ್ಬಿತು. “ಮಾರ್ಗದರ್ಶನ ಅವರಿಗೆ ಹಿಡಿಸಿತೇನು ಸರ್?”

“ಮಾರ್ಗದರ್ಶನ ಬ್ಯಾಡಂತ. ನಿಮ್ಮಂಥಾ ಸಮಸ್ಯೆ ಕಣ್ಮುಂದ ಇದ್ರ ಹುಡುಗ್ರು ತಾವ ಕಲೀತಾರಂತ.”

ಮನೆಗೆ ಬಂದು ಅಕ್ಷರ ಬಿಡದೆ ಗಿರಿಜಾಳಿಗೆ ಹೇಳಿದೆ. ಒಂದಿಷ್ಟು ಸಮಾಧಾನ ಹೇಳುತ್ತಾಳೆ ಎಂಬ ಆಸೆ ನನಗೆ. ಅವಳು ಬ್ಯಾರಲ್ ತಿಕ್ಕುವುದನ್ನು ನಿಲ್ಲಿಸಿ ತಲೆ ಎತ್ತಿದಳು.

“ಹೋಗ್ರಿ ಮತ್ತ! ಇಷ್ಟು ವರ್ಷ ಮನ್ಯಾಗ ಪುಕ್ಕಟೆ ಸಮಸ್ಯೆ ಆಗಿದ್ರಿ. ಈಗ ಅದಕ್ಕ ಪಗಾರ ಕೊಡ್ತಾರಂತಲ್ಲ!”