ಸಪಾಟು ರಸ್ತೆಯ ಏರು

ಗುಡ್ಡ ಗುಡ್ಡದ ಹಾಗೆ ಎದ್ದು ನಿಂತಿದ್ದರೆ ನನಗೆ ಅದರ ಮೇಲೆ ಸಿಟ್ಟಿಲ್ಲ. ದೂರದಿಂದಲೇ ಕಾಣುತ್ತದೆ, ಸೆರಗು ಬಿಗಿದು ನಡೆದರಾಯಿತು. ನನಗೆ ಹೆದರಿಕೆಯಿರುವುದು ಗುಡ್ಡವೆಂದು ಒಪ್ಪಿಕೊಳ್ಳದ ಗುಡ್ಡಗಳದ್ದು. ಕಣ್ಣಿಗೆ ಅಂಗಳದಷ್ಟು ಸಪಾಟು. ಸೈಕಲ್ ಮಾತ್ರ ಮುಂದೆ ಹೋಗುವುದಿಲ್ಲ. ಮೂಡಬಿದ್ರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ ಅಂಥದ್ದೊಂದು ಉಂಟು. ದೇವರು ಅದನ್ನು ಯಾಕೆ ಮಾಡಿದನೆಂದು ಕೇಳುವಷ್ಟು ದೊಡ್ಡವಳು ನಾನಲ್ಲ. ನಮ್ಮ ಯಜಮಾನರಿಗಾಗಿಯೇ ಇರಬೇಕು ಎಂದು ಒಂದು ಅಂದಾಜು ಮಾತ್ರ ಉಂಟು.

ಇವರು ಶಾಲೆಯ ಮಾಸ್ಟ್ರು. ಸೈಕಲ್ ಕೊಂಡ ಹೊಸತು. ಕ್ಯಾರಿಯರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋಗುವುದಕ್ಕೆ ಆಗ ನಮ್ಮ ಕಡೆ ಒಂದು ಕಾನೂನಿತ್ತು: ಏರು ಬಂದರೆ ಹೆಂಡತಿ ಇಳಿಯಬೇಕು, ಮೇಲೆ ಮುಟ್ಟಿದ ಮೇಲೆ ಹತ್ತಬೇಕು. ಏರಿನಲ್ಲಿ ಇಳಿಸಿದರೆ ಯಾರೂ ನಗುವುದಿಲ್ಲ. ಸಪಾಟು ರಸ್ತೆಯಲ್ಲಿ ಇಳಿಸಿದರೆ ಗಂಡಸಿನ ಮಾನ ಹೋಯಿತು. ಇವರಿಗೆ ಜೀವಕ್ಕಿಂತ ಮಾನ ಒಂದು ಹಿಡಿ ಜಾಸ್ತಿ.

ಆ ದಿನ ವೇಣೂರಿನಲ್ಲಿ ನನ್ನ ತಂಗಿ ವಾರಿಜಳ ಬಯಕೆ. ಬಸುರಿಗೆ ಹೂ ಮುಡಿಸಿ ಊಟ ಹಾಕುವ ಶಾಸ್ತ್ರ. ನಮ್ಮಲ್ಲಿ ತಾಯಿ ತಂದ ಪ್ರಸಾದದ ಹೂ ತಲೆಗೇರುವವರೆಗೆ ಬಸುರಿ ಬಾಯಿಗೆ ಏನೂ ಹಾಕುವಂತಿಲ್ಲ. ನಮ್ಮಮ್ಮ ಇಲ್ಲ, ಹಾಗಾಗಿ ತಾಯಿಯ ಜಾಗದಲ್ಲಿ ನಾನು. ವಾರಿಜಳಿಗೆ ಮೊದಲೇ ನಿತ್ರಾಣ, ಹಸಿದರೆ ತಲೆ ತಿರುಗಿ ಬೀಳುವವಳು. ಮೇಲಿಂದ ಇನ್ನೊಂದು ಕಟ್ಟಳೆ: ದೇವಸ್ಥಾನದಿಂದ ಹೊರಟ ಹೂವನ್ನು ನೆಲಕ್ಕಿಡಬಾರದು, ಹಿಡಿದವಳು ಅದನ್ನು ಮುಡಿಸುವವರೆಗೆ ಮಾತಾಡಬಾರದು. ನಾನು ಬಾಳೆಎಲೆಯ ಪೊಟ್ಟಣ ಎದೆಗವಚಿಕೊಂಡು, ಬಾಯಿ ಮುಚ್ಚಿಕೊಂಡು ಬಸ್ಸಿಗೆ ಕಾದರೆ, ಬಸ್ಸು ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. "ಬಸ್ಸು ಯಾಕೆ? ಸೈಕಲ್ ಉಂಟಲ್ಲ, ಹೋಗುವ" ಎಂದರು ಇವರು.

ಕಾಣುವ ಏರುಗಳನ್ನೆಲ್ಲ ಇಳಿದು, ನಡೆದು, ಹತ್ತಿ ದಾಟಿದೆವು. ಟಯರು ಒಡೆಯಲಿಲ್ಲ, ಅದೊಂದು ದೇವರ ದಯೆ. ಮೋಡ ಇತ್ತು, ಬಿಸಿಲಿರಲಿಲ್ಲ, ಅದು ಇನ್ನೊಂದು. ಆಮೇಲೆ ಆ ಸಪಾಟು ಬಂತು. ಎರಡೂ ಕಡೆ ಗದ್ದೆ, ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಹೆಂಗಸರು. ಸೈಕಲ್ ನಿಧಾನವಾಯಿತು, ಇನ್ನೂ ನಿಧಾನವಾಯಿತು. "ಚೈನಿಗೆ ಎಣ್ಣೆ ಸಾಲದು" ಎಂದರು. ಸ್ವಲ್ಪ ಮುಂದೆ, "ಎದುರು ಗಾಳಿ" ಎಂದರು. ಎಲೆಯೊಂದು ಅಲ್ಲಾಡುತ್ತಿರಲಿಲ್ಲ. ಬೆನ್ನಿನ ಅಂಗಿ ಪೂರ್ತಿ ಒದ್ದೆ. ಹೊತ್ತು ಏರುತ್ತಿತ್ತು, ಅಲ್ಲಿ ವಾರಿಜ ಬೆಳಗಿನಿಂದ ನೀರೂ ಕುಡಿಯದೆ ಕೂತಿದ್ದಾಳೆ. ಇಳಿಯುತ್ತೇನೆ ಎನ್ನಲು ನನಗೆ ಬಾಯಿಲ್ಲ, ಇಳಿ ಎನ್ನಲು ಇವರಿಗೆ ಮನಸ್ಸಿಲ್ಲ. ಕೊನೆಗೆ ನಾನೇ ಸದ್ದಿಲ್ಲದೆ ಜಾರಿ ಇಳಿದು, ಒಂದು ಕೈಯಲ್ಲಿ ಹೂ, ಇನ್ನೊಂದು ಕೈಯಲ್ಲಿ ಕ್ಯಾರಿಯರನ್ನು ದೂಡತೊಡಗಿದೆ.

"ನೋಡಿದಿಯಾ, ಕಾಲಿಗೆ ಈಗ ಹದ ಬಂತು" ಎಂದರು ಇವರು.

ಸಪಾಟಿನ ತುದಿಗೆ ಒಮ್ಮೆಲೇ ಇಳಿಜಾರು. ಕ್ಯಾರಿಯರು ನನ್ನ ಕೈಯಿಂದ ತಪ್ಪಿತು. ಇವರು ನನ್ನೊಡನೆ ಮಾತಾಡುತ್ತಲೇ ಕೆಳಗೆ ಹೋದರು, ತಿರುವಿನಲ್ಲಿ ಮಾಯವಾದರು. ಕೂಗಲಿಕ್ಕೆ ಗಂಟಲಿಗೆ ಬಂದದ್ದನ್ನು ನುಂಗಿದೆ. ತಿರುವಿನಾಚೆ ಬೆಲ್ಲು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಆ ತಿರುವಿನ ಕೆಳಗೆ ನೀರು ಹರಿಯುವ ತೋಡು ಉಂಟು, ತೋಡಿನಲ್ಲಿ ಕಲ್ಲು ಉಂಟು. ಒಂದು ಕೂಗು ಹಾಕಿದರೆ ಹೂವಿನ ಮಡಿ ಹೋಯಿತು, ವಾಪಸು ಮೂಡಬಿದ್ರೆಗೆ ಹೋಗಬೇಕು, ವಾರಿಜ ಸಂಜೆಯವರೆಗೆ ಉಪವಾಸ. ಕೂಗದೆ ಓಡಿದೆ, ಗೊತ್ತಿರುವ ದೇವರ ಹೆಸರನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು.

ಕೆಳಗಿನಿಂದ ಬಟ್ಟೆಯ ಗಂಟು ಹೇರಿದ ಸೈಕಲನ್ನು ದೂಡಿಕೊಂಡು ಬ್ಯಾರಿ ಸಾಹೇಬರೊಬ್ಬರು ಬಂದರು. "ಅಕ್ಕ, ಅಲ್ಲಿ ಒಬ್ರು ಮಾಸ್ಟ್ರು ಹೆಂಡತಿ ಬಿದ್ದಿದ್ದಾಳೆ ಅಂತ ತೋಡಿನಲ್ಲಿ ಹುಡುಕ್ತಾ ಇದ್ದಾರೆ. ಅದು ನೀವೇಯಾ?"

ತಲೆಯಾಡಿಸಿದೆ.

"ಮಾತು ಬರುವುದಿಲ್ವಾ?"

ಪೊಟ್ಟಣ ತೋರಿಸಿದೆ. ಅವರು ಅದನ್ನೊಮ್ಮೆ ನೋಡಿ, ಮತ್ತೇನೂ ಕೇಳದೆ ಕೆಳಗೆ ತಿರುಗಿ ನನ್ನ ಪರವಾಗಿ ಕೂಗಿದರು: "ಮಾಸ್ಟ್ರೇ, ಮೇಲೆ ಬನ್ನಿ! ನಿಮ್ಮದು ಇಲ್ಲಿ ಉಂಟು, ನಡೀತಾ ಉಂಟು!"

ಇವರು ಮೊಣಕಾಲಿನವರೆಗೆ ಕೆಸರಾಗಿ ಹತ್ತಿ ಬಂದರು. "ಇಳಿಯುವಾಗ ಒಂದು ಮಾತು ಹೇಳ್ಬಾರ್ದಾ ಮಾರಾಯ್ತಿ?" ಎಂದವರ ಸ್ವರ ನಡುಗಿತು. ಆಮೇಲೆ ನನ್ನ ಕೈಯ ಹೂ ನೋಡಿ ಸೈಕಲ್ ತರಲು ತಿರುಗಿದರು. ಆ ನಡುಗಿದ ಸ್ವರವನ್ನೂ ನಾನು ದೇವರ ದಯೆಯ ಲೆಕ್ಕಕ್ಕೇ ಸೇರಿಸಿದ್ದೇನೆ.

ನಾವು ಮುಟ್ಟುವಾಗ ವಾರಿಜ ಕಂಬಕ್ಕೊರಗಿ ಕೂತಿದ್ದಳು. ತುಟಿ ಒಣಗಿತ್ತು. ಹೂ ಮುಡಿಸಿದೆ, ಬಾಯಿಗೆ ಸಿಹಿ ಇಟ್ಟೆ. ಅವಳ ಕಣ್ಣಿಗೆ ಬೆಳಕು ಬಂತು. ಪಕ್ಕದಲ್ಲೇ ನನಗೂ ಎಲೆ ಹಾಕಿದರು. ಅಲ್ಲಿಯವರೆಗೆ ನನಗೂ ಹೊಟ್ಟೆಯೊಂದಿದೆ ಎಂಬುದೇ ಮರೆತಿತ್ತು. ಕಡುಬು ಬಂತು, ಪಾಯಸ ಬಂತು, ಪುನಃ ಕಡುಬು ಬಂತು. ವಾರಿಜಳ ಅತ್ತೆ ಸೌಟು ಹಿಡಿದು ಎದುರು ನಿಂತವರು, "ಬಯಕೆ ಯಾರದ್ದು ಅಂತ ಈಗ ನನಗೇ ಸಂಶಯ ಬರ್ತಾ ಉಂಟು" ಎಂದರು. ಚಾವಡಿಯಿಡೀ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಇವರು.

ಸಂಜೆ ಹೊರಟು ಸ್ವಲ್ಪ ದೂರ ಬಂದಿದ್ದೆವಷ್ಟೆ. ನಿಜಕ್ಕೂ ಸಪಾಟಾದ ಜಾಗ, ಗದ್ದೆಯ ನೀರು ಕೂಡ ಅಲ್ಲಾಡದೆ ನಿಂತಿತ್ತು. ಇವರು ಕಾಲು ಊರಿದರು.

"ಇಳಿ."

"ಯಾಕೆ? ಏರು ಎಲ್ಲಿ ಉಂಟು?"

"ರಸ್ತೆಯಲ್ಲಿ ಇಲ್ಲ" ಎಂದರು. "ಕಡುಬು ಎಷ್ಟು ತಿಂದೆ?"

ಇಳಿದೆ. ಮೂಡಬಿದ್ರೆಯವರೆಗೂ ಇವರ ಮಾನಕ್ಕೆ ಒಂದು ಚೂರು ಕುಂದು ಬರಲಿಲ್ಲ.